ಬಿಸಿಗಾಳಿ ಮುನಿರಾಜಣ್ಣ

ಬಾನೆಟ್ ಎತ್ತಿದ ಕೂಡಲೇ ಮುನಿರಾಜಣ್ಣ ಕಣ್ಣು ಹಾಯಿಸುತ್ತಿರಲಿಲ್ಲ, ಕೈ ಇಡುತ್ತಿದ್ದರು. ಅಂಗೈಯಲ್ಲ, ಕೈಯ ಹಿಂಬದಿ. ಮಗುವಿನ ಜ್ವರ ನೋಡುವ ಹಾಗೆ ಇಂಜಿನ್ನಿಗೆ ಗಾಳಿ ಒಯ್ಯುವ ಪೈಪಿನ ಮೇಲೆ ಅದನ್ನಿಟ್ಟು, ಕಣ್ಣು ಮುಚ್ಚಿ, "ಐವತ್ತೈದು" ಅನ್ನುತ್ತಿದ್ದರು. ನನಗೆ ನಂಬಿಕೆ ಬರಲಿಲ್ಲ. ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆ ಮಾಡುವವಳು ನಾನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲನ್ನು ವಾಪಸ್ಸು ಕಳಿಸುವುದೇ ನನ್ನ ಉದ್ಯೋಗ. ಮರುದಿನ ಕಾರ್ಖಾನೆಯ ಥರ್ಮಾಮೀಟರನ್ನು ಊಟದ ಡಬ್ಬಿಯ ಜೊತೆ ಕದ್ದು ತಂದು, ಅವರು ಮತ್ತೆ ಕೈಯಿಟ್ಟು ಐವತ್ತೈದು ಅಂದ ಕೂಡಲೇ ಅಲ್ಲಿಗೇ ಹಿಡಿದೆ. ಐವತ್ತನಾಲ್ಕು ತೋರಿಸಿತು.

"ನಿಮ್ದು ಒಂದ್ ಡಿಗ್ರಿ ಕಮ್ಮಿ ತೋರಿಸ್ತದೆ. ರಿಪೇರಿ ಮಾಡ್ಸಿ," ಅಂದರು.

ಹೊರವರ್ತುಲ ರಸ್ತೆಯಲ್ಲಿ ಮೇಲ್ಸೇತುವೆಗಳು ಒಂದೊಂದಾಗಿ ಏಳುತ್ತಿದ್ದ ವರ್ಷಗಳವು. ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಮುನಿರಾಜಣ್ಣನ ಗ್ಯಾರೇಜಿನ ತಗಡಿನ ಶೆಡ್ಡು ಇತ್ತು. ಅದರ ಹಿಂದಿನ ಒಂದೇ ಕೋಣೆಯಲ್ಲಿ ಅವರ ವಾಸ. ಹೆಂಡತಿ ಜಯಮ್ಮ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಡುಗೆ, ಊಟ, ರೇಡಿಯೋ, ಸ್ಪ್ಯಾನರು ಎಲ್ಲವೂ ಅಲ್ಲೇ. ನಾನೂ ಒಬ್ಬಳೇ ಇದ್ದೆ. ಮದುವೆ ಮುರಿದ ಮೇಲೆ ಆ ಕಡೆಯೇ ಬಾಡಿಗೆ ಮನೆ ಹಿಡಿದು, ಒಂದು ಹಳೇ ಕಾರು ಕೊಂಡಿದ್ದೆ. ಹಿಂದಿನ ಮಾಲೀಕ ಯಾರೋ ಶೋಕಿಲಾಲ. ಕಂಪನಿಯವರು ಕೊಟ್ಟಿದ್ದ ಗಾಳಿಪೆಟ್ಟಿಗೆ ಕಿತ್ತುಹಾಕಿ, ಮುಚ್ಚಳವೇ ಇಲ್ಲದ ಕೆಂಪು ಏರ್ ಫಿಲ್ಟರೊಂದನ್ನು ಇಂಜಿನ್ ಪಕ್ಕದಲ್ಲೇ ತೂರಿಸಿದ್ದ. ಆಕ್ಸಿಲರೇಟರ್ ಒತ್ತಿದರೆ ಗುರ್ರ್ ಅನ್ನುತ್ತಿತ್ತು. ಹೇಳಲು ನಾಚಿಕೆ, ನನಗೆ ಆ ಸದ್ದು ಹಿಡಿಸಿತ್ತು. ಮನೆಯಲ್ಲಿ ಮಾತಾಡಿದರೆ ಎದುರುತ್ತರ ಕೊಡುವವರಿರಲಿಲ್ಲ, ಕಾರಾದರೂ ಕೊಡುತ್ತಿತ್ತು.

ಆದರೆ ಟ್ರಾಫಿಕ್ ಜಾಮಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಮೇಲ್ಸೇತುವೆ ಹತ್ತಲು ಅದು ಏದುಸಿರು ಬಿಡುತ್ತಿತ್ತು. ಹಾಗಾಗಿಯೇ ಮುನಿರಾಜಣ್ಣನ ಬಳಿ ಹೋದದ್ದು.

"ಇಂಜಿನ್ ಬಿಟ್ಟ ಬಿಸೀನೇ ವಾಪಸ್ ಎಳ್ಕೊಂಡು ಕುಡೀತಾ ಐತೆ ಕಣಮ್ಮ. ಬಾಗ್ಲು ಮುಚ್ಚಿದ್ ಅಡಿಗೆಮನೇಲಿ ಓಡು ಅಂದ್ರೆ ನೀವು ಓಡ್ತೀರಾ? ಇದು ಗಾಡಿಗೆ ಆಕ್ಸಿದ್ದಲ್ಲ, ಸೌಂಡಿಗೆ ಆಕ್ಸಿದ್ದು."

ಇದೇ ಬೈಗುಳವನ್ನು ಅವರು ಇಂಥ ಫಿಲ್ಟರ್ ಹಾಕಿಸಿಕೊಂಡು ಬರುವ ಹುಡುಗರಿಗೆಲ್ಲ ಬಡಿಸುತ್ತಿದ್ದರು. "ಗುರು, ಬಿಸಿಗಾಳಿ ಶುರು ಹಚ್ಕೊಂಡ್ರು" ಎಂದು ಹುಡುಗರು ನಗುತ್ತಿದ್ದರು. ಹೆಸರು ಹಾಗೇ ನಿಂತಿತು. ನಕ್ಕವರು ಕೊನೆಗೆ ಅವರ ಹತ್ತಿರವೇ ಬರುತ್ತಿದ್ದರು. ಮುನಿರಾಜಣ್ಣ ತಗಡು ಬಗ್ಗಿಸಿ ಫಿಲ್ಟರಿನ ಸುತ್ತ ಒಂದು ಗೂಡು ಕಟ್ಟಿ, ಮುಂದಿನ ಜಾಲರಿಯಿಂದ ತಣ್ಣನೆ ಗಾಳಿ ಬರಲು ಅದಕ್ಕೊಂದು ಕೊಳವೆ ಜೋಡಿಸುತ್ತಿದ್ದರು.

ಎಲ್ಲ ಮೆಕ್ಯಾನಿಕ್ಕುಗಳೂ ಕೆಲಸವಾದ ಮೇಲೆ ಖಾಲಿ ರಸ್ತೆ ಹುಡುಕಿಕೊಂಡು ಹೋಗಿ ಗಾಡಿ ಓಡಿಸಿ ನೋಡುತ್ತಾರೆ. ಇವರು ಸಂಜೆ ಆರರವರೆಗೆ ಕಾದು, ಮಾರತ್ತಹಳ್ಳಿ ಕಡೆಯ ಜಾಮಿಗೆ ಬೇಕೆಂದೇ ನುಗ್ಗಿಸುತ್ತಿದ್ದರು. "ಖಾಲಿ ರೋಡಲ್ಲಿ ಎಲ್ಲಾ ಗಾಡೀನೂ ಚೆನ್ನಾಗೇ ಓಡ್ತವೆ. ನಿಂತಾಗ ಎಂಗಿರ್ತದೆ ಅಂತ ನೋಡ್ಬೇಕು." ನಾನು ಓಡಿಸಬೇಕು, ಅವರು ಪಕ್ಕದಲ್ಲಿ. ವಾಹನಗಳು ಪೂರಾ ನಿಂತಾಗ ಇಳಿದು, ಹಿಂದಿನವರ ಹಾರ್ನಿಗೂ ಬೈಗುಳಕ್ಕೂ ಕಿವಿಗೊಡದೆ ಬಾನೆಟ್ ಎತ್ತಿ ಕೈ ಇಡುತ್ತಿದ್ದರು. "ನಲವತ್ತು. ಸಾಕು, ಓಗಣ ನಡೀರಿ."

ಕೂತಲ್ಲಿ ಮಾತು. ರಸ್ತೆ ಬರುವ ಮೊದಲು ಅಲ್ಲೆಲ್ಲ ಅವರ ಹೊಲ, ಮೇಲ್ಸೇತುವೆಯ ಆ ಕಂಬದ ಬುಡದಲ್ಲಿ ಅವರ ಬಾವಿಯಿತ್ತಂತೆ. ಗಾಜಿನ ಕಟ್ಟಡದ ಕಾವಲುಗಾರ ಕುರ್ಚಿ ಹಾಕಿಕೊಂಡಿರುವಲ್ಲಿ ರಾಗಿ ಕಣ. ಜಯಮ್ಮ ಬುತ್ತಿ ಹೊತ್ತು ಬರುತ್ತಿದ್ದದ್ದು ಈಗ ಬಸ್ಸು ತಿರುಗುವ ಜಾಗದಲ್ಲಿ. ಅದನ್ನೆಲ್ಲ ಗೋಳಾಡದೆ, ದಾರಿ ತೋರಿಸುವವರ ಧಾಟಿಯಲ್ಲಿ ಹೇಳುತ್ತಿದ್ದರು. ನಾನೂ ಯಾರಿಗೂ ಹೇಳದ್ದನ್ನು ಹೇಳಿದೆ. ನನ್ನ ಗಂಡನ ಬಗ್ಗೆ ಕೇಳಿ, "ಓಗ್ಲಿ ಬಿಡಿ, ಅವ್ನಿಗೆ ನಸೀಬಿಲ್ಲ" ಅಂದರು.

ಎರಡೇ ಸಲಕ್ಕೆ ಕಾರು ಸರಿಯಾಯಿತು. ಆದರೂ ವಾರಕ್ಕೊಮ್ಮೆ "ಅಣ್ಣಾ, ಏನೋ ಎಳೀತಿಲ್ಲ ಅನ್ಸುತ್ತೆ" ಎನ್ನುತ್ತಾ ಹೋಗುತ್ತಿದ್ದೆ. ಏನೂ ಆಗಿಲ್ಲವೆಂದು ಅವರಿಗೂ ಗೊತ್ತಿತ್ತು. "ಅಂಗಾದ್ರೆ ಸಂಜೆ ನೋಡ್ಬಿಡಣ" ಎಂದು ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು ಬರುತ್ತಿದ್ದರು. ಊರೆಲ್ಲ ಶಪಿಸುವ ಜಾಮು ಬೇಗ ಬಿಟ್ಟರೆ ನಮ್ಮಿಬ್ಬರಿಗೂ ಬೇಜಾರು.

ಹೀಗೇ ಒಂದು ಸಂಜೆ ಪೈಪಿನ ಮೇಲೆ ಕೈಯಿಟ್ಟು "ನಲವತ್ತು" ಅಂದರು. ಸುಮ್ಮನೆ ನಾನೂ ಮುಟ್ಟಿದೆ. ಬೆರಳು ಚುರ್ರೆಂದಿತು. ಮುಂದಿನ ಕೊಳವೆ ಕಳಚಿಕೊಂಡು, ಪೈಪು ಸುಡುತ್ತಿತ್ತು. ಅವರ ಕೈ ಇನ್ನೂ ಅದರ ಮೇಲೆಯೇ ಇತ್ತು! ಸಕ್ಕರೆ ಕಾಯಿಲೆ ಅವರಿಗೆ ಹಳೆಯದು. ಕಾಲ್ಬೆರಳುಗಳಿಗೆ ಏನು ತಗಲಿದರೂ ಗೊತ್ತಾಗುವುದಿಲ್ಲವೆಂದು ಹೇಳಿದ್ದರು. ಈಗ ಕೈಯ ಸ್ಪರ್ಶವೂ ಹೋಗಿತ್ತು, ಅದು ಅವರಿಗೆ ತಿಳಿದಿರಲಿಲ್ಲ.

"ಎಂಗೈತೆ?" ಅಂದರು.

"ನಲವತ್ತೇ ಅಣ್ಣ," ಅಂದು ಸುಟ್ಟ ಬೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ. ಮರುದಿನ ಕೊಳವೆಯನ್ನು ನಾನೇ ಬಿಗಿ ಮಾಡಿಕೊಂಡೆ.

ಇಡೀ ದಿನ ಮಾಲು ವಾಪಸ್ಸು ಕಳಿಸುವವಳು ಇದೊಂದನ್ನು ಪಾಸು ಮಾಡಿದೆ. ಹೇಳಿದರೆ ಅವರ ಕಸುಬು ಮುರಿಯುತ್ತದೆಂಬ ಕನಿಕರವಿತ್ತು, ಸುಳ್ಳಲ್ಲ. ಅದಕ್ಕಿಂತ ಹೆಚ್ಚಾಗಿ, ವಾರದ ಆ ಒಂದು ಸಂಜೆ ಹೋಗಿಬಿಡುತ್ತದೆಂಬ ಹೆದರಿಕೆಯಿತ್ತು. ಮಳೆಗಾಲ ಕಳೆಯುವವರೆಗೂ ಬಾಯಿ ಬಿಡಲಿಲ್ಲ.

ಒಂದು ಶನಿವಾರ ನಾನು ಶೆಡ್ಡಿನಲ್ಲಿದ್ದಾಗ ಒಬ್ಬ ಯುವಕ ಆಟೋದಲ್ಲಿ ಬಂದಿಳಿದು ಕೂಗಾಡತೊಡಗಿದ. ಮುನಿರಾಜಣ್ಣ ಕೂರಿಸಿದ್ದ ತಗಡು ಕಾದು, ಅದಕ್ಕೆ ತಾಗಿದ್ದ ವೈರು ಕರಗಿ, ನಡುರಸ್ತೆಯಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದಿತ್ತು. ಕಾರಿನಲ್ಲಿ ಅವನ ಬಸುರಿ ಹೆಂಡತಿಯಿದ್ದಳು. ಏನೂ ಆಗಿರಲಿಲ್ಲ, ಹೆದರಿದ್ದಳು ಅಷ್ಟೆ. "ಕೈ ಇಟ್ ನೋಡಿ ತಣ್ಣಗೈತೆ ಅಂದ್ರಲ್ರೀ! ಏನ್ ನೋಡಿದ್ರಿ ನೀವು?" ಎಂದು ಚೀರಿ ಹೊರಟುಹೋದ.

ಮುನಿರಾಜಣ್ಣ ಬಹಳ ಹೊತ್ತು ತಮ್ಮ ಕೈ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಅವತ್ತು ಜಾಮಲ್ಲಿ ನೀವೂ ಮುಟ್ಟಿದ್ರಲ್ಲ. ನಿಜ ಏಳಿ, ಎಷ್ಟಿತ್ತು?"

"ಮುಟ್ಟಕ್ಕಾಗ್ಲಿಲ್ಲ ಅಣ್ಣ."

"ಅವತ್ತೇ ಯಾಕ್ ಏಳ್ಲಿಲ್ಲ?"

ನೆಲದ ಮೇಲಿದ್ದ ಸ್ಪ್ಯಾನರೊಂದನ್ನು ಎತ್ತಿ ಅದರ ಜಾಗದಲ್ಲಿಟ್ಟೆ.

"ಆ ಎಣ್ಮಗಳಿಗೆ ಏನಾನ ಆಗಿದ್ದಿದ್ರೆ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ನೀವು ಮನೆಗೋಗಿ ಕಣಮ್ಮ." ಆಗಿನ್ನೂ ಐದು ಗಂಟೆ, ಜಾಮು ಶುರುವಾಗಿರಲಿಲ್ಲ.

ಮುಂದಿನ ವಾರ ಶೆಡ್ಡಿಗೆ ಬೀಗ ಬಿದ್ದಿತ್ತು. ಸಾಮಾನೆಲ್ಲ ಯಾರಿಗೋ ಕೊಟ್ಟು ಚಂದಾಪುರದಲ್ಲಿರುವ ತಂಗಿಯ ಮನೆಗೆ ಹೋದರೆಂದು ಪಕ್ಕದ ಟೀ ಅಂಗಡಿಯಾಕೆ ಹೇಳಿ, ಅಲ್ಲಿನ ಫೋನ್ ನಂಬರು ಕೊಟ್ಟಳು. ಎರಡು ತಿಂಗಳು ಧೈರ್ಯ ಸಾಲಲಿಲ್ಲ. ಕಡೆಗೊಂದು ಭಾನುವಾರ ಫೋನು ಮಾಡಿದೆ. ಅವರೇ ಎತ್ತಿದರು. ಗುರುತು ಹಿಡಿದರು.

"ಗಾಡಿ ಎಂಗೈತೆ?" ಎಂದು ಕೇಳಿದರು.

ಏನೋ ಎಳೀತಿಲ್ಲ ಅಂದಿದ್ದರೆ ಬರುತ್ತಿದ್ದರೋ ಏನೋ. ಆದರೆ ಅವರಿಗೆ ಇನ್ನೊಂದು ಸುಳ್ಳು ಹೇಳುವ ಮುಖ ನನಗಿರಲಿಲ್ಲ.

"ಚೆನ್ನಾಗಿದೆ ಅಣ್ಣ."

"ಅಂಗಾದ್ರೆ ಸರಿ ಬಿಡಮ್ಮ," ಎಂದು ಫೋನಿಟ್ಟರು.