ಕೆಲಸ ಗೊತ್ತಿಲ್ಲದವಳ ಕಾಜ

ಕಾಜದಕ್ಕನಿಗೆ ಯಾವ ಕೆಲಸವೂ ಬರುವುದಿಲ್ಲ ಎಂದು ಕೋರ್ಟಿಗೆ ಕೊಟ್ಟ ಅಫಿಡವಿಟ್‌ನಲ್ಲಿ ಬರೆದಿತ್ತು. ಕೆಳಗೆ ಅವಳದೇ ಸಹಿ. ಆ ಬೀದಿಯಲ್ಲಿ ಇದನ್ನು ಯಾರಿಗೆ ಹೇಳಿದ್ದರೂ ಬಿದ್ದು ಬಿದ್ದು ನಗುತ್ತಿದ್ದರು. ಗುಂಡಿ ತೂರುವ ಸೀಳಿನ ಸುತ್ತ ದಾರ ಹೆಣೆದು ಗಟ್ಟಿ ಮಾಡುವುದಕ್ಕೆ ದರ್ಜಿಗಳು ಕಾಜ ಎನ್ನುತ್ತಾರೆ. ಗಂಡನ ಅಂಗಡಿಯ ಮೂಲೆಯಲ್ಲಿ ಕೂತು ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದರಿಂದ ಅವಳಿಗೆ ಆ ಹೆಸರು ಬಂದಿತ್ತು. ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಲ್ಲಷ್ಟೇ ಉಳಿದಿತ್ತು.

ಗಂಡನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಕತ್ತರಿ ಹಿಡಿದವನು ಮಾಸ್ಟರ್, ಸೂಜಿ ಹಿಡಿದವಳು ಮಾಸ್ಟರ್ ಹೆಂಡತಿ, ಲೆಕ್ಕ ಅಷ್ಟು ಸರಳ. ಕೋಟು ಮೈಗೆ ಸರಿಯಾಗಿ ಕೂತರೆ ಗಿರಾಕಿ ಮಾಸ್ಟರ್ ಕೈ ಕುಲುಕುತ್ತಿದ್ದ. ಅಪರೂಪಕ್ಕೆ ಯಾರಾದರೂ ಕಾಜ ಚೆನ್ನಾಗಿದೆ ಎಂದರೆ, "ಅವಳಿಗೇನ್ ಗೊತ್ತು, ತೋರ್ಸಿದ ಕಡೆ ಚುಚ್ತಾಳೆ" ಎಂದು ಮಾಸ್ಟರ್ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಹತ್ತೊಂಬತ್ತನೇ ವರ್ಷ ಯಾಕೋ ನಗು ಬರಲಿಲ್ಲ. ಅಲ್ಲಿಂದ ಶುರುವಾದ ಮಾತಿಗೆ ಮಾತು ಬೆಳೆದು ಡೈವೋರ್ಸ್ ಆಗಿಯೇ ನಿಂತಿತು.

ಇನ್ನು ಉಳಿದದ್ದು ಜೀವನಾಂಶದ ಅರ್ಜಿ. ಅದು ಸಿಕ್ಕರೆ ಒಂದು ಬಾಡಿಗೆ ಕೋಣೆ, ಸಿಗದಿದ್ದರೆ ಅಕ್ಕನ ಮನೆಯ ನಡುಮನೆಯಲ್ಲಿ ಹಾಸಿದ ಚಾಪೆಯೇ ಗತಿ. ಅಕ್ಕ ಒಳ್ಳೆಯವಳು. ಆದರೆ ಲೋಕದ ಕಾನೂನೆಲ್ಲ ತನ್ನ ನಾಲಿಗೆ ತುದಿಯಲ್ಲಿದೆ ಎಂದು ನಂಬಿದವಳು.

"ಕೆಲ್ಸ ಗೊತ್ತು ಅಂದ್ಯೋ, ಮುಗೀತು ನಿನ್ನ ಕತೆ. ದುಡ್ಕೊಂಡು ತಿನ್ನು ಅಂತಾರೆ. ಏನೂ ಬರಲ್ಲ ಅನ್ನು. ನಿನ್ನ ಗಂಡನೇ ಕಂಡೋರಿಗೆಲ್ಲ ಹಾಗೆ ಹೇಳ್ಕೊಂಡು ಬಂದಿದಾನಲ್ಲ, ಈಗ ಇಲ್ಲ ಅನ್ನೋಕೆ ಅವನಿಗೆ ಬಾಯಿ ಎಲ್ಲಿದೆ?"

ಲಾಯರಮ್ಮನ ಮುಂದೆ ಅವಳು ಹಾಗೆಯೇ ಹೇಳಿದಳು. ಲಾಯರಮ್ಮ ಸೂಜಿ ಚುಚ್ಚಿ ಗಡುಸಾದ ಅವಳ ಬೆರಳ ತುದಿಗಳನ್ನು ನೋಡಿ, "ನಿಜ ತಾನೇ?" ಎಂದು ಎರಡು ಸಲ ಕೇಳಿದರು.

"ನಿಜ ಮೇಡಂ."

"ನೋಡಿ, ಜೀವನಾಂಶ ಭಿಕ್ಷೆನೂ ಅಲ್ಲ, ನಿಮ್ಮ ಯಜಮಾನರಿಗೆ ಹಾಕೋ ದಂಡನೂ ಅಲ್ಲ. ಎಷ್ಟು ವರ್ಷದ ಸಂಸಾರ, ಅವರ ಆದಾಯ ಎಷ್ಟು, ಆ ಸಂಸಾರಕ್ಕೆ ನೀವೇನು ಹಾಕಿದ್ರಿ, ಈಗ ನಿಮ್ಮ ಕೈಲಿ ಏನಿದೆ, ಎಲ್ಲಾನೂ ಕೋರ್ಟಲ್ಲಿ ನೋಡ್ತಾರೆ."

ಇಷ್ಟೆಲ್ಲದರಲ್ಲಿ ಅವಳ ಕಿವಿಗೆ ಬಿದ್ದದ್ದು ಕೈಲಿ ಏನಿದೆ ಎಂಬ ಮಾತೊಂದೇ. ಕೈಗಳನ್ನು ಮೆಲ್ಲಗೆ ಚೀಲದ ಅಡಿಗೆ ಸರಿಸಿದಳು.

ಅಂದಿನಿಂದ ಸೂಜಿ ಮುಟ್ಟುವಂತಿಲ್ಲ. ಯಾರಾದರೂ ನೋಡಿಬಿಟ್ಟರೆ? ಅಕ್ಕ ಸೂಜಿ ಡಬ್ಬಿಯನ್ನು ಬೀರುವಿನ ಮೇಲೆ ಕೈಗೆಟುಕದಂತೆ ಇಟ್ಟಳು. ಎಂಟು ತಿಂಗಳು. ಪರದೆಯ ಅಂಚು ಮೂರು ಬೆರಳಿನಷ್ಟು ಬಿಚ್ಚಿಕೊಂಡಿತ್ತು. ಅದು ಕಾಣದಿರಲಿ ಎಂದು ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಭಾವನ ಅಂಗಿಯ ಎರಡನೇ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಭಾವ ಹಾಗೇ ಆಫೀಸಿಗೆ ಹೊರಟರೆ ಅವಳು ತಿಂಡಿ ಬಿಟ್ಟು ಬಾಗಿಲವರೆಗೂ ಹಿಂದೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಮುಂದೆ ಕೂತವರ ಕಾಲರಿನಲ್ಲಿ ದಾರ ಇಣುಕಿದರೆ ಅದನ್ನು ಎಳೆಯಲು ಕೈ ತಾನಾಗಿ ಹೋಗುತ್ತಿತ್ತು. ಮನೆಯಲ್ಲಿ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ.

"ಒಂದ್ಕಡೆ ಕೂತ್ಕೊಳೇ, ನೋಡಿ ನೋಡಿ ನನ್ ತಲೆ ತಿರುಗ್ತಿದೆ" ಎಂದಳು ಅಕ್ಕ.

"ಕೂತ್ರೆ ಕೈ ಏನ್ಮಾಡ್ಲಿ ಅಕ್ಕ?"

ಅಕ್ಕ ಒಂದು ಮೊರ ಅವರೆಕಾಯಿ ತಂದು ಅವಳ ಮುಂದಿಟ್ಟಳು.

ವಿಚಾರಣೆಯ ದಿನ ಬಂತು. ಕೋರ್ಟಿನ ಹೊರಗಿನ ಬೆಂಚಿನಲ್ಲಿ ಕಾಯುತ್ತ ಅವಳು ಕೈಯಲ್ಲಿದ್ದ ನೋಟೀಸಿನ ಅಂಚನ್ನು ಮಡಿಸಿ ಮಡಿಸಿ ಹೆಮ್ಮಿಂಗ್ ಮಾಡಿದಂತೆ ಮಾಡಿಬಿಟ್ಟಿದ್ದಳು. ಅಷ್ಟರಲ್ಲಿ ಒಳಗೆ ಕರೆದರು.

ಮಾಸ್ಟರ್ ಕಡೆಯ ಲಾಯರು ಧಡೂತಿ ಆಸಾಮಿ, ಮಾತು ಮಾತ್ರ ಬೆಣ್ಣೆ. ಹೊಸ ಕೋಟೊಂದನ್ನು ತಂದು ಅವಳ ಮುಂದೆ ಕಟಕಟೆಯ ಮೇಲೆ ಹರಡಿದ.

"ಅಮ್ಮ, ಇದರ ಕಾಜ ಸ್ವಲ್ಪ ನೋಡಿ. ಅಂಗಡಿ ಬಿಡೋ ಮೊದಲು ನೀವೇ ಮಾಡಿಟ್ಟಿದ್ದಂತೆ. ಎಷ್ಟು ಅಚ್ಚುಕಟ್ಟಾಗಿದೆ. ಇಂಥ ಕೆಲಸ ಬರೋರಿಗೆ ಜೀವನಾಂಶ ಯಾಕಮ್ಮ?"

ನನಗೇನೂ ಗೊತ್ತಿಲ್ಲ ಸ್ವಾಮಿ ಎಂದಿದ್ದರೆ ಆಗಿತ್ತು. ಹಿಂದಿನ ಸಾಲಿನಿಂದ ಅಕ್ಕ ತುಟಿ ಅಲುಗಿಸಿ ಅದನ್ನೇ ಹೇಳಿಕೊಡುತ್ತಿದ್ದಳು. ಆದರೆ ಇವಳ ಕಣ್ಣು ಆಗಲೇ ಕಾಜಕ್ಕೆ ನೆಟ್ಟಿತ್ತು. ಉಗುರಿನಿಂದ ಅದರ ಅಂಚನ್ನು ಎತ್ತಿ ನೋಡಿದಳು. ಮೈಯೆಲ್ಲ ಉರಿದುಹೋಯಿತು.

"ಇದು ನನ್ನ ಕೈ ಅಲ್ಲ."

"ಅಂದ್ರೆ?"

"ಯಾರೋ ಅವಸರಕ್ಕೆ ಮಾಡಿರೋದು. ದಾರಕ್ಕೆ ಮೇಣ ಹಚ್ಚಿಲ್ಲ. ಗಂಟು ನೋಡಿ, ಒಂದು ಒಳಗೆ, ಒಂದು ಹೊರಗೆ. ನಾಲ್ಕು ಸಲ ಗುಂಡಿ ಹಾಕಿ ತೆಗೆದ್ರೆ ಮೂಲೆ ಕಿತ್ಕೊಂಡು ಬರುತ್ತೆ. ನಾನು ಮಾಡಿದ್ದು ಬಟ್ಟೆ ಹರಿದ್ರೂ ಹರಿಯಲ್ಲ."

ಲಾಯರಮ್ಮ ಹಣೆ ಒತ್ತಿಕೊಂಡರು. ಧಡೂತಿ ಲಾಯರು ಕೈ ಮುಗಿಯುವುದೊಂದು ಬಾಕಿ, "ಇಷ್ಟೇ ನನಗೆ ಬೇಕಾಗಿದ್ದದ್ದು" ಎಂದು ಕೂತುಬಿಟ್ಟ.

ಜಡ್ಜ್ ಕನ್ನಡಕ ತೆಗೆದರು. "ಕೆಲಸ ಬರಲ್ಲ ಅಂತ ಪ್ರಮಾಣ ಮಾಡಿ ಬರೆಸಿದ್ದೀರಲ್ಲಮ್ಮ?"

"ಸುಳ್ಳು ಬರೆಸಿದೆ ಸಾರ್. ಬರುತ್ತೆ ಅಂದ್ರೆ ಏನೂ ಸಿಗಲ್ಲ ಅಂತ ಹೆದರಿಕೊಂಡೆ." ನಾಚಿಕೆಯಿಂದ ತಲೆ ತಗ್ಗಿತು. ಆದರೆ ಎಂಟು ತಿಂಗಳಲ್ಲಿ ಮೊದಲ ಸಲ ಅವಳ ಕೈಗಳು ಕಟಕಟೆಯ ಮೇಲೆ ಸುಮ್ಮನೆ ಕೂತಿದ್ದವು.

ಜಡ್ಜ್ ಚೆನ್ನಾಗಿಯೇ ಬೈದರು. ಬೈದದ್ದು ಮುಗಿದ ಮೇಲೆ ಲಾಯರಮ್ಮ ಎದ್ದು, ಮಾಸ್ಟರಿಗೆ ಎರಡೇ ಪ್ರಶ್ನೆ ಕೇಳಲು ಅನುಮತಿ ಪಡೆದರು.

"ಇವರು ಅಂಗಡಿ ಬಿಟ್ಟ ಮೇಲೆ ಕಾಜ ಯಾರು ಮಾಡ್ತಾರೆ?"

"ಹೊರಗೆ ಇಬ್ಬರಿಗೆ ಕೂಲಿಗೆ ಕೊಡ್ತೀನಿ. ಒಬ್ಬರಿಂದ ಆಗಲ್ಲ."

"ಇವರಿಗೆ ಎಷ್ಟು ಕೂಲಿ ಕೊಡ್ತಿದ್ರಿ?"

ಮಾಸ್ಟರ್ ಪ್ರಶ್ನೆಯೇ ಅರ್ಥವಾಗದವನಂತೆ ನೋಡಿದ. "ಹೆಂಡ್ತಿಗೆ ಯಾರ್ರೀ ಕೂಲಿ ಕೊಡ್ತಾರೆ?"

ಟೈಪಿಸ್ಟ್ ಅದನ್ನು ಹಾಗೆಯೇ ಟೈಪ್ ಮಾಡಿದಳು. ಊಟದ ಹೊತ್ತು ಕಳೆದ ಮೇಲೆ ಜಡ್ಜ್ ಆದೇಶ ಹೇಳಿದರು. ಕೆಲಸ ಬರುತ್ತದೆ, ನಿಜ. ಆದರೆ ಹತ್ತೊಂಬತ್ತು ವರ್ಷ ದುಡಿದೂ ಕೈ ಬರಿದಾಗಿರುವುದು ಆ ಸಂಸಾರದಿಂದಲೇ. ಅವಳು ತನ್ನ ಕಾಲ ಮೇಲೆ ನಿಲ್ಲುವವರೆಗೆ, ಐದು ವರ್ಷ, ತಿಂಗಳು ತಿಂಗಳು ಮಾಸ್ಟರ್ ಜೀವನಾಂಶ ಕೊಡಬೇಕು. ಕೇಳಿದ್ದಕ್ಕಿಂತ ಕಡಿಮೆ, ಸುಳ್ಳು ಹೇಳಿದ್ದಕ್ಕೆ ಕೋರ್ಟಿನ ಖರ್ಚೂ ಅವಳ ತಲೆಗೆ. ಬಾಡಿಗೆ ಕೋಣೆಗಂತೂ ಸಾಕಾಗುತ್ತಿತ್ತು. "ನಾನು ಹೇಳ್ಲಿಲ್ವಾ" ಎಂದು ಅಕ್ಕ ಗೆದ್ದವಳಂತೆ ಹೊರಬಂದಳು. ಹೇಳಿದ್ದು ಏನನ್ನು ಎಂದು ಯಾರೂ ಕೇಳಲಿಲ್ಲ.

ಮೆಟ್ಟಿಲ ಹತ್ತಿರ ಮಾಸ್ಟರ್ ನಿಂತಿದ್ದ, ತೋಳಿನ ಮೇಲೆ ಆ ಕೋಟು. ಅಕ್ಕ ಮುಂದೆ ನಡೆದಳು. ಜಗಳಕ್ಕೆ ನಿಂತಿದ್ದಾನೆ ಎಂದುಕೊಂಡು ಇವಳು ಮೈಯೆಲ್ಲ ಬಿಗಿಮಾಡಿಕೊಂಡಳು.

"ಲಾಯರಿಗೆ ಈ ಕೋಟು ನಾನು ಸುಳ್ಳು ಹೇಳಿ ಕೊಟ್ಟಿದ್ದಲ್ಲ" ಎಂದ, ದನಿ ತಗ್ಗಿಸಿ. "ಕಾಜ ನಿಜವಾಗ್ಲೂ ನಿಂದೇ ಅಂದ್ಕೊಂಡಿದ್ದೆ ಕಣೇ."

ಅವನು ಕತ್ತರಿಸಿದ ಬಟ್ಟೆಯನ್ನು ನೂರು ಬಟ್ಟೆಗಳ ನಡುವೆ ಇಟ್ಟರೂ ಅವಳು ಕಣ್ಣು ಮುಚ್ಚಿ, ಅಂಚು ಸವರಿ, ಇದು ಇವರದು ಎಂದು ತೆಗೆದುಕೊಡುತ್ತಿದ್ದಳು. ಡೈವೋರ್ಸಿನ ದಿನವೂ ಬಾರದ ಅಳು ಈಗ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದಳು.