ಮೈಲುತುತ್ತಿಗೆ ಸುಣ್ಣ

ನಮ್ಮ ತರೀಕೆರೆ ಮನೆಗೆ ಬಂದವರೆಲ್ಲ ಮೊದಲು ಮಾಡುತ್ತಿದ್ದ ಕೆಲಸ ಅಂದರೆ ನನ್ನ ಮೀನಿನ ತೊಟ್ಟಿಗೆ ಬೆರಳದ್ದಿ ನೆಕ್ಕುವುದು. "ಅಯ್ಯೋ, ನಿಜವಾಗ್ಲೂ ಉಪ್ಪು ಕಣ್ರೀ!" ಅಂತ ಮುಖ ಕಿವುಚುವುದು. ಆಮೇಲೆ ಒಂದು ಹಿಡಿ ಮಂಡಕ್ಕಿ ಸುರಿಯುವುದು. ನಾನು ಬಾಯಿ ಬಡಕೊಂಡರೂ ಕೇಳಿದವರಿಲ್ಲ.

ಎಂಬತ್ತರ ದಶಕ ಅದು. ಅಪ್ಪನ ನೌಕರಿಯಿಂದಾಗಿ ಮಂಗಳೂರಿನಲ್ಲಿ ಬೆಳೆದು, ಪ್ರಾಣಿಶಾಸ್ತ್ರ ಓದಿ, ಕಡೂರಿನ ಹೈಸ್ಕೂಲಿನಲ್ಲಿ ಟೀಚರಾಗಿದ್ದೆ. ಮದುವೆಯಾಗಿ ಬಂದದ್ದು ಮೀನೆಂದರೆ ಮೂಗು ಮುಚ್ಚಿಕೊಳ್ಳುವ ಅಡಿಕೆ ಬೆಳೆಗಾರರ ಮನೆಗೆ. ನನ್ನದು ಅಂತ ಆ ಊರಲ್ಲಿ ಇದ್ದದ್ದು ಆ ಗಾಜಿನ ತೊಟ್ಟಿಯೊಂದೇ. ಅಣ್ಣ ಮಂಗಳೂರಿನಿಂದ ಲಾರಿಯವರ ಕೈಲಿ ಕ್ಯಾನುಗಟ್ಟಲೆ ಸಮುದ್ರದ ನೀರು ಕಳಿಸುತ್ತಿದ್ದ. "ಸಾರು ಯಾವಾಗಮ್ಮ?" ಅಂತ ರೇಗಿಸುತ್ತಿದ್ದ ಮಾವ ಕ್ರಮೇಣ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯತೊಡಗಿದರು. ದಿನಾ ಬೆಳಗ್ಗೆ ಅವರೂ ಒಂದು ಬೆರಳು ನೆಕ್ಕುತ್ತಿದ್ದರು.

ಅಣ್ಣ ಕಳಿಸಿದ ಹೊಸ ಮೀನಿನ ಜೊತೆ ರೋಗ ಬಂತು. ರವೆ ಉದುರಿಸಿದ ಹಾಗೆ ಮೈಯೆಲ್ಲ ಬಿಳಿ ಚುಕ್ಕೆ. ಅದು ಪರೋಪಜೀವಿ, ಕಿವಿರಿಗೆ ಹತ್ತಿ ಉಸಿರು ಕಟ್ಟಿಸಿ ಕೊಲ್ಲುತ್ತದೆ. ಹೊಸ ಮೀನನ್ನು ಕೆಲವು ದಿನ ಬೇರೆ ಇಡಬೇಕು ಅಂತ ಗೊತ್ತಿದ್ದ ನಾನೇ ಸೀದಾ ತೊಟ್ಟಿಗೆ ಬಿಟ್ಟಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಎಂಟರಲ್ಲಿ ಐದು ಸತ್ತವು.

ಉಳಿದ ಮೂರಕ್ಕೆ ಮದ್ದಾಗಿ ಮೈಲುತುತ್ತಿನ, ಅಂದರೆ ಕಾಪರ್ ಸಲ್ಫೇಟಿನ, ನೀರು ಶುರುಮಾಡಿದೆ. ಶಾಲೆಯ ಲ್ಯಾಬಿನ ತಕ್ಕಡಿಯಲ್ಲಿ ತೂಗಿ ತಂದು, ಶೀಸೆಯಲ್ಲಿ ಕದಡಿಟ್ಟು, ಸಂಜೆಗೊಂದು ಚಮಚ. "ಇನ್ಮೇಲೆ ನೆಕ್ಕಬೇಡಿ ಮಾವ, ವಿಷ," ಅಂದೆ. ಎರಡನೇ ವಾರಕ್ಕೆ ಚುಕ್ಕೆ ಉದುರಿದವು. ಮೂರೂ ಮೇಲೆ ಬಂದು ತಿನ್ನತೊಡಗಿದವು.

ಆಗಲೇ ನನ್ನನ್ನು ಅಜ್ಜಂಪುರಕ್ಕೆ ಪರೀಕ್ಷೆ ಡ್ಯೂಟಿಗೆ ಹಾಕಿದರು. ಎರಡು ದಿನ. ಹೊರಡುವ ಆತುರದಲ್ಲಿ ಮಾವನ ಕೈಗೆ ಶೀಸೆ ಕೊಟ್ಟೆ. "ಏನಮ್ಮ ಇದು?" ಅಂದರು. "ನೀವು ಅಡಿಕೆಗೆ ಹೊಡೀತೀರಲ್ಲ, ಅದೇ ಔಷಧ. ಸಂಜೆ ಒಂದು ಚಮಚ, ಅಷ್ಟೇ."

ವಾಪಸು ಬಂದಾಗ ತೊಟ್ಟಿಯ ನೀರು ಗಸಿಯಾಗಿ, ತಿಳಿನೀಲಿ ಮಜ್ಜಿಗೆಯಂತಿತ್ತು. ಮೂರೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮಾವ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು.

"ಏನು ಹಾಕಿದ್ರಿ?"

"ಸುಣ್ಣ ಕಣಮ್ಮ. ಬರೀ ತುತ್ತು ಹೊಡುದ್ರೆ ಎಳೇಕಾಯಿ ಸುಟ್ಟೋಗ್ತದೆ. ಸುಣ್ಣದ ತಿಳಿ ಬೆರೆಸಿ, ಕುಡುಗೋಲು ಅದ್ದಿ ನೋಡ್ದೆ. ಸುಣ್ಣ ಸಾಲ್ದಿದ್ರೆ ಕಬ್ಬಿಣ ಕೆಂಪಗಾಗ್ತದೆ, ಆಗ್ಲಿಲ್ಲ. ಹದ ಸರಿಯಾಗೇ ಇತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. "ಇದೇನು ನಿಮ್ಮ ತೋಟವಾ? ಯಾರು ಹೇಳಿದ್ರು ನಿಮಗೆ ಸುಣ್ಣ ಹಾಕಿ ಅಂತ?" ಬೀದಿಗೆ ಕೇಳುವ ಹಾಗೆ ಕಿರುಚಿದೆ. ಆ ಮನೆಯ ಯಾವ ಸೊಸೆಯೂ ಮಾವನೆದುರು ಅಷ್ಟು ದನಿ ಎತ್ತಿರಲಿಲ್ಲ. ಖಾಲಿ ಕ್ಯಾನುಗಳನ್ನು ಒಂದೊಂದಾಗಿ ಅಂಗಳಕ್ಕೆ ಎಸೆದೆ.

ಎಸೆದು ಮುಗಿದ ಮೇಲೆ ಮಾವ ಸಣ್ಣ ದನಿಯಲ್ಲಿ, "ನೀನೇ ಅಂದ್ಯಲ್ಲಮ್ಮ, ಅದೇ ಔಷಧ ಅಂತ. ವಿಷ ಅಂತಾನೂ ಅಂದಿದ್ದೆ. ಅದ್ರ ಉರಿ ಕಮ್ಮಿಯಾಗ್ಲಿ ಅಂತ ಹಾಕ್ದೆ," ಅಂದರು.

ಅವರ ಉಗುರುಗಳ ಸಂದಿಯಲ್ಲಿ ಸುಣ್ಣ ಇನ್ನೂ ಮೆತ್ತಿಕೊಂಡಿತ್ತು. ಎಸೆಯೋಣವೆಂದರೆ ನನ್ನ ಕೈಗೆ ಇನ್ನೊಂದು ಕ್ಯಾನೂ ಸಿಗಲಿಲ್ಲ.