ಮಹಡಿಯ ಮೇಲಿನ ಒಲೆ

ಒಲೆ ಬೇರೆ ಮಾಡುವ ಮಾತನ್ನು ಮೊದಲು ಎತ್ತಿದವರು ಯಾರು ಎಂಬುದು ನನಗೀಗ ಖಚಿತವಿಲ್ಲ. ಗೆಳೆಯ ಎಂದು ನನ್ನ ನೆನಪು. ನೀವೇ ಎನ್ನುತ್ತಾಳೆ ಹೆಂಡತಿ.

ಐರ್ಲೆಂಡಿನ ಡ್ರೋಹೆಡಾದಲ್ಲಿ ನಾವು ಎರಡು ಸಂಸಾರ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಗೆಳೆಯನೂ ನನ್ನ ಹೆಂಡತಿಯೂ ಆಸ್ಪತ್ರೆಯಲ್ಲಿ ಡಾಕ್ಟರು. ಅಡುಗೆ ಒಟ್ಟಿಗೆ. ಆ ದೇಶದಲ್ಲಿ ನನಗೆ ಮನೆ ಅನ್ನಿಸುತ್ತಿದ್ದುದು ನಾಲ್ವರೂ ಕೂತು ಉಣ್ಣುವ ಆ ಮೇಜು ಮಾತ್ರ. ಅದು ಎಲ್ಲಿ ಕೈತಪ್ಪುತ್ತದೋ ಎಂಬ ಅಳುಕು ಯಾವಾಗಲೂ ಇತ್ತು.

ಬೇಸಗೆಗೆ ಮೈಸೂರಿನಿಂದ ಗೆಳೆಯನ ತಾಯಿ ಬಂದರು.

"ಅಮ್ಮಂಗೆ ಮೊಟ್ಟೆ ವಾಸನೆ ಆಗಲ್ಲ ಕಣೋ. ಮೇಲಿನ ರೂಮಲ್ಲಿ ಒಂದು ಇಂಡಕ್ಷನ್ ಇಟ್ಕೋತೀವಿ. ಅವರು ಇರೋವರ್ಗೂ ಅಷ್ಟೆ. ಗ್ರಾಂಡ್?" ಎಂದ ಗೆಳೆಯ.

ಸರಿ ಎನ್ನುವುದಕ್ಕೆ ಅಲ್ಲಿಯವರು ಹೇಳುವಂತೆ ನಾನೂ ಗ್ರಾಂಡ್ ಎಂದೆ. ಮೊಟ್ಟೆಯ ಕಾರಣವನ್ನು ಮಾತ್ರ ನಂಬಲಿಲ್ಲ. ಹಿಂದಿನ ಭಾನುವಾರವಷ್ಟೇ ಆ ತಾಯಿ ಮೊಟ್ಟೆ ಹಾಕಿದ ಅಂಗಡಿಯ ಕೇಕನ್ನು ಮತ್ತೆ ಹಾಕಿಸಿಕೊಂಡು ತಿಂದಿದ್ದರು. ಇವರು ಬೇರೆ ಮನೆ ನೋಡಿಟ್ಟಿದ್ದಾರೆ, ಒಲೆ ಅದಕ್ಕೆ ಪೀಠಿಕೆ ಎನ್ನಿಸಿತು.

ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಸಂಜೆ ಊಟಕ್ಕೆ ಕೂತಾಗ ಇಂಗ್ಲಿಷ್ ರಾಜರ ಕಥೆ ತೆಗೆದೆ. ಸ್ವಂತ ಜಮೀನಿನ ಹುಟ್ಟುವಳಿ ಅರಮನೆಗೆ ಸಾಲದಾದಾಗ, ತಂದೆ ಸತ್ತ ಎಳೆಯ ವಾರಸುದಾರರ ಆಸ್ತಿಯನ್ನು ತಾವೇ ಕಾಯುತ್ತೇವೆಂದು ಹೇಳಿ ಅದರ ಆದಾಯ ತಿನ್ನುತ್ತಿದ್ದರು. ಅದು ನಿಂತ ಮೇಲೆ ಪ್ರಜೆಗಳ ಒಲೆಗಳಿಗೇ ತೆರಿಗೆ ಬಂತು.

"ನಿಮ್ಮ ರಾಜಂಗೆ ನಮ್ಮ ಸಾರಿನ ಮೇಲೂ ಕಣ್ಣೇನಪ್ಪಾ?" ಎಂದರು ತಾಯಿ.

"ಎರಡು ಒಲೆ ಹಚ್ಚಿದ್ರೆ ಡಬಲ್ ಟ್ಯಾಕ್ಸ್ ಅಮ್ಮಾ," ಎಂದೆ.

"ಹಂಗಾದ್ರೆ ಈ ಮನೇಗೆ ರಾಜ ಯಾರು, ನೀನಾ?"

ಬಾಡಿಗೆ ಕರಾರು ಇದ್ದುದು ನನ್ನ ಹೆಂಡತಿಯ ಹೆಸರಿನಲ್ಲಿ. ತಾಯಿ ನಗುತ್ತಲೇ ಕೇಳಿದರು ಎನ್ನುತ್ತಾಳೆ ಹೆಂಡತಿ. ನನ್ನ ನೆನಪಿನಲ್ಲಿ ಆ ನಗು ಇಲ್ಲ.

ತಾಯಿ ಊರಿಗೆ ಮರಳಿದರು. ಮೇಲಿನ ಒಲೆ ಕೆಳಗಿಳಿಯಲಿಲ್ಲ. ಚಳಿ ಶುರುವಾಗುವ ಮೊದಲೇ ಗೆಳೆಯನೂ ಅವನ ಹೆಂಡತಿಯೂ ಬೇರೆ ಮನೆಗೆ ಹೋದರು. "ಆಸ್ಪತ್ರೆಗೆ ಹತ್ತಿರ ಆಗತ್ತೆ ಕಣೋ," ಎಂದ. ಹತ್ತಿರವೇನೋ ಹೌದು. ಅವರು ಮೊದಲೇ ನಿಶ್ಚಯಿಸಿದ್ದರೋ, ನನ್ನ ಕಥೆಯೇ ಅವರನ್ನು ಹೊರಡಿಸಿತೋ, ಕೇಳುವ ಧೈರ್ಯ ಬರಲಿಲ್ಲ. ಕೇಳಿದ್ದರೂ ಗ್ರಾಂಡ್ ಎನ್ನುತ್ತಿದ್ದ.

ಇಷ್ಟು ಅನುಮಾನಗಳ ನಡುವೆ, ಅಂದು ನಾನು ಹೇಳಿದ್ದು ನಿಜವೇ ಎಂದು ಮಾತ್ರ ಲೈಬ್ರರಿಗೆ ಹೋಗಿ ನೋಡಿಕೊಂಡು ಬಂದೆ. ನಿಜ. ಆ ತೆರಿಗೆ ಐರ್ಲೆಂಡಿನಲ್ಲೂ ಇತ್ತು, ಮತ್ತು ಒಂದೇ ಸೂರಿನಡಿ ಎರಡು ಒಲೆಗಳಿದ್ದರೆ ಎರಡನ್ನೂ ಎಣಿಸುತ್ತಿದ್ದರು.